ಟೇಪಿನ ಮೇಲೆ ಬರೆದ ವೇಗ

ಇನ್ನೊಂದು ಕೂದಲೆಳೆಯಷ್ಟು ವೋಲ್ಟೇಜ್ ಏರಿಸಿದರೆ ಬೀಳದೆ ನಿಂತೀತೇ? ಅಥವಾ ಇರುವುದೂ ಸುಟ್ಟುಹೋದೀತೇ? ಕಡಿಮೆ ಕೊಟ್ಟರೆ ಪ್ರೊಸೆಸರ್‌ಗೆ ಮೂರ್ಛೆ, ಹೆಚ್ಚು ಕೊಟ್ಟರೆ ಜ್ವರ. ಶನಿವಾರ ಬೆಳಿಗ್ಗೆಯಿಂದ ಗ್ಲೆನ್ ಪ್ರೋಕ್ಟರ್‌ನ ತಲೆಯಲ್ಲಿ ಇದೊಂದೇ ಸುತ್ತುತ್ತಿತ್ತು. ಹೊರಗೆ ಟೌನ್ಸ್‌ವಿಲ್‌ನ ಜನವರಿಯ ನಡುಬೇಸಿಗೆ ಬಿಸಿಲು. ಒಳಗೆ ಕಂಪ್ಯೂಟರಿನ ಪರದೆ ಮತ್ತೆ ನೀಲಿಗಟ್ಟಿ ನಿಂತಿತ್ತು.

ಇದಕ್ಕೆಲ್ಲ ಕಾರಣ ಒಂದು ತುಂಡು ಟೇಪು. ಅವನ ಕಂಪ್ಯೂಟರ್ ಕ್ಲಬ್ಬಿನಲ್ಲಿ ಪ್ರತಿಯೊಬ್ಬರೂ ತಮ್ಮ ಯಂತ್ರದ ವೇಗವನ್ನು ಟೇಪಿನ ಮೇಲೆ ಬರೆದು ಡಬ್ಬಿಗೆ ಅಂಟಿಸಬೇಕು. ಅಂಗಡಿಯಿಂದ ಬಂದ ವೇಗದಲ್ಲೇ ಓಡಿಸುವವನಿಗೆ, ಹೆಚ್ಚು ವೋಲ್ಟೇಜ್ ಕೊಟ್ಟು ಅದನ್ನು ಏರಿಸದವನಿಗೆ, ಅಲ್ಲಿ ಮರ್ಯಾದೆಯಿಲ್ಲ. ಅಲ್ಲಿ ಕೂಡಿ ಆಡುವ ಕಂಪ್ಯೂಟರ್ ಆಟದ ನಡುವೆ ಯಾರ ಯಂತ್ರ ಸಾಯುತ್ತದೋ ಅವರು ಎದ್ದುಹೋಗಿ ಎಲ್ಲರಿಗೂ ಸಾಸೇಜ್ ಸುಡಬೇಕು. ಇಡೀ ವರ್ಷ ಸುಟ್ಟವನು ಗ್ಲೆನ್. ಹೋದ ಸಲ ಸಾಸೇಜ್ ತಿರುವುವ ಇಕ್ಕಳ ಕೆಳಗಿಟ್ಟವನೇ 'ಐದು ಗಿಗಾಹರ್ಟ್ಸ್' ಎಂದು ಬರೆದು ಅಂಟಿಸಿ, "ಮುಂದಿನ ಸಲ ನಾನು ಕುರ್ಚಿ ಬಿಟ್ಟು ಏಳಲ್ಲ" ಎಂದು ಬಂದಿದ್ದ. ಆ ಮುಂದಿನ ಸಲ ಇವತ್ತೇ.

ಬೇಲಿಯಾಚೆಯಿಂದ ಪಕ್ಕದ ಮನೆಯ ಮರ್ವ್ ಇಣುಕಿದ. ನಿವೃತ್ತ ಎಲೆಕ್ಟ್ರಿಷಿಯನ್.

"ಏನ್ ಮಾರಾಯ, ಇನ್ನೂ ಉಸಿರಾಡ್ತಿಲ್ವಾ ನಿನ್ನ ಪೆಟ್ಟಿಗೆ?"

"ವೋಲ್ಟೇಜ್ ಸಾಲ್ತಿಲ್ಲ ಮರ್ವ್."

"ಕೊಡು ಮತ್ತೆ. ನಿಮ್ಮಪ್ಪನ ಗಂಟು ಹೋಗುತ್ತಾ?"

ಗ್ಲೆನ್ ಕೊಟ್ಟ. ಯಂತ್ರ ಕಾದ ಕಾವಲಿಯಂತಾಗಿ ಸತ್ತಿತು. ಮರ್ವ್‌ನ ಹೆಂಡತಿ ನೋಲೀನ್ ಫ್ಯಾನು ತಂದಿಟ್ಟಳು. ಆಗಲೂ ಸತ್ತಿತು. ಮರ್ವ್ ಮೀನು ಹಿಡಿಯಲು ಒಯ್ಯುವ ಐಸ್‌ಪೆಟ್ಟಿಗೆ ಹೊತ್ತು ತಂದು ಯಂತ್ರಕ್ಕೆ ಒತ್ತಿ ಇಟ್ಟ.

"ಇದೇನ್ರೀ, ಗಬ್ಬು ನಾತ," ಎಂದ ಗ್ಲೆನ್.

"ನಾತ ನಿಂಗೆ. ಅದಕ್ಕೆ ಮೂಗಿದ್ಯಾ?"

"ಬಿಟ್ಬಿಡಪ್ಪ, ಸಾಸೇಜ್ ಸುಡೋದ್ರಲ್ಲಿ ನಿನ್ನ ಕೈ ಚೆನ್ನಾಗಿದೆ," ಎಂದಳು ನೋಲೀನ್.

ಈ ಮಾತು ಗ್ಲೆನ್‌ಗೆ ನಾಟಿತು. ಹಲ್ಲು ಕಚ್ಚಿ ವೋಲ್ಟೇಜ್ ಏರಿಸಿದ, ಇಳಿಸಿದ, ಮತ್ತೆ ಏರಿಸಿದ. ಈಗ ಯಂತ್ರ ಶುರುವಾಗುವುದನ್ನೇ ಬಿಟ್ಟಿತು. ದೀಪ ಹೊತ್ತಿತು, ಆರಿತು, ಹೊತ್ತಿತು, ಆರಿತು. ಅವನು ತಲೆಯ ಮೇಲೆ ಕೈಹೊತ್ತು ಕೂತಾಗ ತಾನಾಗಿಯೇ ಎದ್ದಿತು. ಗ್ಲೆನ್ ಉಸಿರು ಬಿಗಿಹಿಡಿದು ಪರೀಕ್ಷೆಗೆ ಹಚ್ಚಿದ. ಓಡಿತು. ಹುಲ್ಲು ಮೇಯುವ ಹಸುವಿನ ಹಾಗೆ, ತಣ್ಣಗೆ, ಓಡುತ್ತಲೇ ಇತ್ತು.

"ನೋಡ್ದಾ, ನನ್ನ ಮೀನಿನ ಐಸು," ಎಂದ ಮರ್ವ್. ಐಸ್‌ಪೆಟ್ಟಿಗೆ ಹಿಡಿದು ಕ್ಲಬ್ಬಿಗೂ ಜೊತೆಗೇ ಬಂದ.

ಮೊದಲ ಆಟ ಮುಗಿಯಿತು. ಅಪರೂಪಕ್ಕೆ ಯಾರ ಯಂತ್ರವೂ ಸತ್ತಿರಲಿಲ್ಲ. ಉಳಿದವರೆಲ್ಲ ತುಂಬು ಬಸುರಿಯನ್ನು ಕಾಯುವವರಂತೆ ತಮ್ಮ ಡಬ್ಬಿಗಳನ್ನು ಕಾಯುತ್ತಿದ್ದರೆ ಗ್ಲೆನ್ ಮಾತ್ರ ಕಾಲು ಚಾಚಿ ಕೂತಿದ್ದ. ಎಲ್ಲರೂ ಬಂದು ಬೆನ್ನು ತಟ್ಟಿದರು. ತನ್ನ ಗೆಲುವನ್ನು ಅಂಕಿಗಳಲ್ಲೂ ನೋಡೋಣವೆಂದು ಅವನು ಯಂತ್ರದ ವೇಗ ತೋರಿಸುವ ಪುಟ ತೆರೆದ.

ತೆರೆದವನು ತಟ್ಟನೆ ಮುಚ್ಚಿದ.

ಮೇಲಿಂದ ಮೇಲೆ ಶುರುವಾಗದೆ ಹೋದಾಗ ಯಂತ್ರದೊಳಗಿನ ಮದರ್‌ಬೋರ್ಡ್ ತನ್ನಷ್ಟಕ್ಕೆ ತಾನೇ ಅವನ ವೋಲ್ಟೇಜ್, ವೇಗದ ತಿದ್ದುಪಡಿಗಳನ್ನೆಲ್ಲ ಅಳಿಸಿಹಾಕಿತ್ತು.

ಕಾರ್ಯದರ್ಶಿ ಟ್ರಿಷ್ ಬಂದಳು. "ಗ್ಲೆನ್, ನಮ್ದೆಲ್ಲ ಯಾವಾಗ ಬೀಳುತ್ತೋ ಅಂತ ಕಾಯ್ತಾ ಕೂರ್ಬೇಕು. ನಿಂದು ಬಂಡೆ ಇದ್ದಂಗಿದೆ, ಬಿಟ್ಟು ಎದ್ರೂ ನಡೆಯುತ್ತೆ. ಕೈ ಖಾಲಿ ಇರೋನು ನೀನೊಬ್ನೇ. ತಗೋ." ಇಕ್ಕಳ ಚಾಚಿದಳು.

"ಈರುಳ್ಳಿ ಸ್ವಲ್ಪ ಕೆಂಪಗೆ ಹುರಿ ಮಾರಾಯ," ಎಂದ ಮರ್ವ್.

ಗ್ಲೆನ್ ಡಬ್ಬಿಯ ಮೇಲಿನ ಟೇಪು ನೋಡಿದ, ಇಕ್ಕಳ ತೆಗೆದುಕೊಂಡು ಹೊರಗೆ ಹೋದ. ಯಂತ್ರ ಓಡುತ್ತಿದ್ದುದು ಅಂಗಡಿಯ ವೇಗದಲ್ಲಿ ಎಂದು ಅವನು ಯಾರಿಗೂ ಹೇಳಲಿಲ್ಲ.