ದೇವರಕೊಡಿಗೆ ಮೂರು ದಿನ

ಅದು ಬಾಯಿ ತಪ್ಪಿ ಬಂದ ಮಾತಲ್ಲ. ಉಮಾನಾಥ ಎರಡು ದಿನ ಯೋಚಿಸಿ, ಎಲ್ಲ ಕಡೆಯಿಂದ ತಟ್ಟಿ ನೋಡಿ, ಗಟ್ಟಿಯಾದ ಸುಳ್ಳು ಎಂದು ಖಾತ್ರಿಯಾದ ಮೇಲೆಯೇ ಹೆಡ್‌ಮಾಸ್ಟರ ಮುಂದೆ ಹೋಗಿ ನಿಂತದ್ದು.

"ಸಾರ್, ಈ ಸಲ ಜನಗಣತಿಗೆ ನನ್ನ ಹಾಕ್‌ಬ್ಯಾಡಿ. ದೇವರಕೊಡಿ ಗುಡ್ಡೆ ಹತ್ತುವ ಹರಕಿ ಇತ್ತ್. ವ್ರತದಲ್ಲ್ ಇದ್ದೆ. ಸೂತಕದ ಮನಿ ಮೆಟ್ಟುಕಿಲ್ಲೆ. ಮನಿ ಮನಿ ತಿರ್ಗುವಾಗ ಯಾವ ಮನಿಯಲ್ಲ್ ಹುಟ್ಟು, ಯಾವ ಮನಿಯಲ್ಲ್ ಸಾವು ಅಂತ ಹ್ಯಾಂಗ್ ಗೊತ್ತಾಪ್ದ್?"

ಅದು ಅರವತ್ತೊಂದನೆಯ ಇಸವಿಯ ಜನವರಿ. ಗಣತಿಗೆ ಇನ್ನೆರಡು ವಾರ ಉಳಿದಿತ್ತು. ವಂಡ್ಸೆಯ ಆ ಶಾಲೆಯಲ್ಲಿ ಬಿ.ಎ. ಮುಗಿಸಿದವನು ಉಮಾನಾಥ ಒಬ್ಬನೇ. ಮಾತೆಂದರೆ ಸುಸ್ತಾಗುವವನೂ ಅವನೊಬ್ಬನೇ. ದಿನವಿಡೀ ಪಾಠ ಹೇಳಿ ಸಂಜೆಯ ಹೊತ್ತಿಗೆ ಅವನ ನಾಲಿಗೆ ಸವೆದ ಚಪ್ಪಲಿಯಂತಾಗಿರುತ್ತಿತ್ತು. ಹಿಂದಿನ ವರ್ಷ ಮನೆಗಳ ಪಟ್ಟಿ ಮಾಡಲು ಹೋದಾಗ ಒಬ್ಬ ಮುದುಕಿ ತನ್ನ ವಯಸ್ಸು ಲೆಕ್ಕ ಹಾಕಲು, ಕೆಂಪು ದನ ಸತ್ತ ವರ್ಷದಿಂದ ಹಿಡಿದು ತನ್ನ ನಾದಿನಿಯ ಮೂರನೆಯ ಬಾಣಂತನದವರೆಗೆ ಎರಡು ಗಂಟೆ ಮಾತಾಡಿದ್ದಳು. ಕೊನೆಗೆ, "ನೀವೇ ಒಂದ್ ಬರ್ಕಣಿ" ಎಂದಿದ್ದಳು. ಈ ಸಲ ಅಂಥ ಮೂರು ವಾರ. ಅದರಿಂದ ಹೇಗಾದರೂ ತಪ್ಪಿಸಿಕೊಳ್ಳಬೇಕು. ಬದುಕಿನಲ್ಲಿ ಅವನಿಗೆ ಸದ್ಯಕ್ಕೆ ಬೇರೆ ಆಸೆಯೇ ಇರಲಿಲ್ಲ.

ಹೆಡ್‌ಮಾಸ್ಟರು ಚಂದಯ್ಯ ಶೆಟ್ರು ದೈವಭಕ್ತರು. ಕನ್ನಡಕ ತೆಗೆದು ಅವನನ್ನೇ ನೋಡಿದರು. ಅವರ ಕಣ್ಣು ಇದ್ದಕ್ಕಿದ್ದಂತೆ ಹೊಳೆಯಿತು.

"ದೇವರಕೊಡಿಗಾ? ನೀವಾ? ಹರಕಿ ಮುಂದೆ ಹಾಕುಕಾಗ ಮಾಸ್ಟ್ರೇ. ನಾಳೆ ಬುಧವಾರ, ಹೊರಡಿ. ಮೂರ್ ದಿನ ರಜೆ ನಾನ್ ಬರಿತೆ. ದಾರಿ ತೋರ್ಸುಕೆ ಜನವನ್ನೂ ನಾನೇ ಕೊಡ್ತೆ."

ನಿಜವಾಗಿಯೂ ಬೆಟ್ಟ ಹತ್ತುವುದು ಉಮಾನಾಥನ ಲೆಕ್ಕದಲ್ಲಿ ಇರಲಿಲ್ಲ. ಆದರೆ ಗೋಡೆಯ ಮೇಲಿನ ಸೂಚನೆ ಅವನಿಗೆ ಬಾಯಿಪಾಠವಾಗಿತ್ತು: ಗಣತಿಯವರ ಪಟ್ಟಿ ಶುಕ್ರವಾರ ನಾಲ್ಕರ ಬಸ್ಸಿನಲ್ಲಿ ಕುಂದಾಪುರದ ತಾಲೂಕು ಕಚೇರಿಗೆ ಹೋಗಬೇಕು, ಹೆಸರಿನ ಎದುರು ಸಹಿ ಇರಬೇಕು. ತಾನು ಊರಲ್ಲಿ ಇಲ್ಲದಿದ್ದರೆ ಸಹಿಯಿಲ್ಲ. ಸಹಿಯಿಲ್ಲದಿದ್ದರೆ ಕೆಲಸವೂ ಇಲ್ಲ. ಬೆಟ್ಟ ಹತ್ತಿದರೂ ಚಿಂತೆಯಿಲ್ಲ, ಶುಕ್ರವಾರ ನಾಲ್ಕರ ಮುಂಚೆ ಇಳಿಯಬಾರದು.

ಮನೆಯಲ್ಲಿ ಹೆಂಡತಿ ಹರಿಣಾಕ್ಷಿ ಕೇಳಿದಳು, "ನಂಗೆ ಹೇಳ್ದೆ ಎಂತ ಹರಕಿ ಹೊತ್ತದ್ದ್ ನೀವ್?"

"ಮನಸ್ಸಲ್ಲೇ..." ಎಂದ ಉಮಾನಾಥ.

ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅವಳ ಕಣ್ಣು ತುಂಬಿದ್ದು ಕಂಡಾಗ ಅವನಿಗೆ ಅವಳ ಮನಸ್ಸಿನಲ್ಲಿ ಬಂದದ್ದು ಏನೆಂದು ಅರ್ಥವಾಯಿತು. ತಿದ್ದುವ ಧೈರ್ಯವಾಗಲಿಲ್ಲ. ಅವಳು ಅಂದು ಅವನಿಗೆ ಇಷ್ಟವಾದ ಸೌತೆಕಾಯಿ ಹುಳಿ ಮಾಡಿದಳು. ಅವನು ಅರ್ಧಕ್ಕೇ ಎದ್ದು ಕೈ ತೊಳೆದ.

ಅಷ್ಟರಲ್ಲಿ ಕೇರಿಗೆಲ್ಲ ಸುದ್ದಿ ಮುಟ್ಟಿತ್ತು. ದೇವರಕೊಡಿಗೆ ಹೋಗುವವರ ಕೈಯಲ್ಲಿ ಅಕ್ಕಪಕ್ಕದವರು ತೆಂಗಿನಕಾಯಿ ಕಳಿಸುವುದು ಪದ್ಧತಿ. ಬೇಡವೆಂದರೆ ದೇವರಿಗೇ ಬೇಡವೆಂದಂತೆ.

ಮೊದಲು ಬಂದದ್ದು ಮೂಲೆಮನೆಯ ಅಮ್ಮಣ್ಣಿಯಕ್ಕ. "ಒಂದೇ ಒಂದ್ ಕಾಯಿ ಉಮಾನಾಥಾ. ನಮ್ಮ ದನ ಗಬ್ಬ ನಿಲ್ಲೂದಿಲ್ಲೆ. ದೇವ್ರ ಹತ್ರ ಬಾಯಿ ಬಿಟ್ಟ್ ಹೇಳ್ಕ್, ಆಯ್ತಾ? ನಿನ್ನ ಹಾಂಗೆ ಒಳಗೊಳಗೆ ಹೇಳ್ರೆ ದೇವ್ರಿಗೂ ಕೇಣೂದಿಲ್ಲೆ."

ಆಮೇಲೆ ಎದುರುಮನೆಯ ಜಲಜಕ್ಕ. "ಹುಡ್ಗಿಗೊಂದ್ ಗಂಡ್ ಸಿಕ್ಕುಕೆ. ಬೊಂಬಾಯಿ ಹೋಟ್ಲಿನವನಾರೂ ಅಡ್ಡಿಲ್ಲೆ."

ಬುಧವಾರ ಬೆಳಗಾಗುವಾಗ ಅವನದೂ ಸೇರಿ ಹದಿನೇಳು ಕಾಯಿ ಆಗಿದ್ದವು. ಚೀಲ ಬೆನ್ನಿಗೇರಿಸಿದ ಉಮಾನಾಥ ಗಬ್ಬದ ಎಮ್ಮೆಯಂತೆ ನಿಧಾನವಾಗಿ ಅಂಗಳ ದಾಟಿದ.

ದಾರಿ ತೋರಿಸಲು ಬಂದವನ ಹೆಸರು ಕುಷ್ಟ. ಬೆಟ್ಟದ ಕಡೆಯವನು, ಐವತ್ತು ದಾಟಿದ ಒಣಕಲು ಆಳು. ಬಾಯಿ ತುಂಬ ಎಲೆಅಡಿಕೆ ಇದ್ದುದರಿಂದ ಮಾತಿಲ್ಲ. ಇವನೇ ತನ್ನ ಜನ ಎಂದು ಉಮಾನಾಥನಿಗೆ ಅನಿಸಿತು. ಚೀಲಕ್ಕೆ ಸ್ವಲ್ಪ ಕೈ ಕೊಡುತ್ತೀಯಾ ಎಂದು ಕೇಳಿದಾಗ ಮಾತ್ರ ಕುಷ್ಟ ಉಗುಳಿ ಬಂದು ಹೇಳಿದ: "ಹರಕಿ ಹೊತ್ತವನೇ ಕಾಯಿ ಹೊರ್ಕ್."

ಗುಡ್ಡದ ಬುಡದಲ್ಲಿ ದಾರಿ ಎರಡಾಗಿ ಒಡೆದಿತ್ತು.

"ಹ್ವಾಯ್ ಮಾಸ್ಟ್ರೇ, ಸೀದಾ ಹೋಪನಾ, ಮನಿ ಬದಿಂದ ಹೋಪನಾ? ಸೀದಾ ಹೋರೆ ನಾಳೆ ಸಂಜಿಗೇ ವಾಪಾಸ್ ಬಪ್ಪುಕಾತ್ತ್."

ನಾಳೆ ಸಂಜೆ! ನಾಳೆ ಗುರುವಾರ! ಉಮಾನಾಥ ಆಗಲೇ ಮನೆಗಳ ದಾರಿಗೆ ತಿರುಗಿದ. "ಬ್ಯಾಡ, ಬ್ಯಾಡ. ಮನಿ ಬದಿಂದ್ಲೇ ಹೋಪ."

"ಎಲ್ಲ ಮನಿ?"

"ಎಲ್ಲ ಮನಿ. ಅವಸರ ಎಂತದ್?"

ಕುಷ್ಟ ಅವನನ್ನು ಮೆಚ್ಚುಗೆಯಿಂದ ನೋಡಿದ.

ಆ ಬೆಟ್ಟದಲ್ಲಿ ಮನೆಗಳು ಯಾರೋ ಎರಚಿದ ಕಾಳಿನಂತೆ ಬಿದ್ದಿದ್ದವು. ಒಂದು ಮನೆಗೆ ಹತ್ತಬೇಕು, ಇನ್ನೊಂದಕ್ಕೆ ಇಳಿಯಬೇಕು, ಮೂರನೆಯದಕ್ಕೆ ತೋಡು ದಾಟಬೇಕು. ಮೊದಲನೆಯ ಅಂಗಳದಲ್ಲಿ ಉಮಾನಾಥ ತನ್ನ ವ್ರತ ನೆನೆದು ಹಿಂಜರಿದ. "ಸೂತಕ ಇಲ್ಲೆ, ಬನ್ನಿ," ಎಂದ ಕುಷ್ಟ. "ನಾನ್ ವಿಚಾರ್ಸಿಯೇ ಕರ್ಕಂಡ್ ಬಂದದ್ದ್."

ಎಲ್ಲ ಕಡೆ ಮೊದಲು ನಾಯಿ, ಆಮೇಲೆ ನೀರು ಬೆಲ್ಲ, ಆಮೇಲೆ ಮಾತು.

"ಇವ್ರ್ ಯಾರಾ ಕುಷ್ಟ?"

"ಮಾಸ್ಟ್ರ್."

"ಎಷ್ಟ್ ಮಕ್ಳ್?"

"ಇಲ್ಲೆ," ಎನ್ನುತ್ತಿದ್ದ ಉಮಾನಾಥ.

"ಅಯ್ಯೋ, ಪಾಪ! ನಂಗ್ ಹನ್ನೊಂದ್ ಕಾಣಿ. ಮೂರ್ ಹೋಯ್ತ್. ಒಬ್ಬ ಬೊಂಬಾಯಿಯಲ್ಲ್ ಗ್ಲಾಸ್ ತೊಳಿತಾ. ಒಬ್ಬಳನ್ನ ಕೊಲ್ಲೂರಿಗೆ ಕೊಟ್ಟದ್ದ್. ಕೂಕಣಿ, ಕೂಕಣಿ, ಹೇಳ್ತೆ..."

ಹೀಗೆ ಮನೆಗೊಂದು ಪುರಾಣ. ಯಾವುದರಿಂದ ಓಡಿಬಂದಿದ್ದನೋ ಅದೇ ಜಗಲಿ ಜಗಲಿಯಲ್ಲೂ ಚಾಪೆ ಹಾಸಿಕೊಂಡು ಕಾದಿತ್ತು. ಆದರೂ ಶುಕ್ರವಾರ ಸರಿಯಬೇಕಲ್ಲ ಎಂದು ಅವನು ಹಲ್ಲು ಕಚ್ಚಿ ಕೂತ, ತಲೆ ಆಡಿಸಿದ, ಹೂಂಗುಟ್ಟಿದ. ಹೊರಡುವಾಗ ಕೆಲವು ಮನೆಯವರೂ ಒಂದೊಂದು ಕಾಯಿ ಕೊಟ್ಟರು. ಹದಿನೇಳು ಇಪ್ಪತ್ತಾರಾಯಿತು.

ಗುರುವಾರ ಮಧ್ಯಾಹ್ನ ಕೊನೆಯ ಹುಲ್ಲಿನ ಏರನ್ನು ಅವನು ನಾಲ್ಕು ಕಾಲಿನಲ್ಲಿ ಹತ್ತಿದ. ತುದಿಯಲ್ಲಿ ಒಂದು ಕಲ್ಲು, ಅದಕ್ಕೆ ಒರಗಿಸಿದ ತುಕ್ಕು ಹಿಡಿದ ತ್ರಿಶೂಲ. ಅಷ್ಟೇ. ಗಾಳಿಯೂ ಬಿದ್ದುಹೋಗಿತ್ತು. ಪಡುವಣಕ್ಕೆ ಬಹಳ ದೂರದಲ್ಲಿ ಸಮುದ್ರ, ಒಣಗಲು ಹಾಕಿದ ಬಿಳಿ ಪಂಚೆಯ ಅಂಚಿನಷ್ಟು. ಉಮಾನಾಥ ಚೀಲ ಇಳಿಸಿ ಕೂತ. ಯಾರೂ ಅವನನ್ನು ಏನೂ ಕೇಳಲಿಲ್ಲ. ಅವನೂ ತನ್ನನ್ನು ಏನೂ ಕೇಳಿಕೊಳ್ಳಲಿಲ್ಲ. ಇದೊಂದಕ್ಕಾಗಿ ನಿಜವಾಗಿಯೂ ಹರಕೆ ಹೊರಬಹುದಿತ್ತು ಎಂದುಕೊಂಡ.

ಹತ್ತು ನಿಮಿಷ ಆಗಿರಬಹುದು.

"ಕಾಯಿ ನೀವೇ ಒಡಿನಿ ಮಾಸ್ಟ್ರೇ," ಎಂದ ಕುಷ್ಟ. "ಒಂದೊಂದಕ್ಕೂ ಹೆಸ್ರ್ ಹೇಳ್ಕ್. ಎಂತಕ್ಕೆ ಅಂತ್ಲೂ ಹೇಳ್ಕ್. ಗಟ್ಟಿಯಾಯಿ."

ಇಪ್ಪತ್ತಾರು ಕಾಯಿ ಒಂದರ ಮೇಲೊಂದು ಉರುಳಿ ಬೆರೆತುಹೋಗಿದ್ದವು. ಉಮಾನಾಥ ನೆನಪಾದಂತೆ ಕೂಗಿ ಕೂಗಿ ಒಡೆದ. ಹದಿನಾಲ್ಕನೆಯದರ ಹೊತ್ತಿಗೆ, ಅಮ್ಮಣ್ಣಿಯಕ್ಕನ ದನಕ್ಕೆ ಬೊಂಬಾಯಿ ಹೋಟೆಲಿನ ಗಂಡನ್ನು ಬೇಡಿಕೊಂಡದ್ದು ಅವನ ಗಮನಕ್ಕೆ ಬಂತು. ಹಿಂದೆ ತೆಗೆದುಕೊಳ್ಳುವುದು ಹೇಗೆಂದು ಕುಷ್ಟನಿಗೂ ಗೊತ್ತಿರಲಿಲ್ಲ. ಕೊನೆಯದು ಅವನದೇ ಕಾಯಿ. ಅದನ್ನು ಮಾತ್ರ ಹರಿಣಾಕ್ಷಿಯ ಹೆಸರು ಹೇಳಿ, ತೀರ ಮೆಲ್ಲಗೆ ಒಡೆದ.

ಶುಕ್ರವಾರ ಇನ್ನೊಂದು ಬದಿಯ ಮನೆಗಳನ್ನು ಮುಗಿಸಿಕೊಂಡು ಇಳಿದರೂ ಮೂರು ಗಂಟೆಗೇ ಊರಿನ ಶಾಲೆಯ ಹೆಂಚು ಕಾಣಿಸಿತು. ಇನ್ನೂ ಒಂದು ಗಂಟೆ! ಉಮಾನಾಥ ಗೇರುಮರದ ಬುಡದಲ್ಲಿ ಧೊಪ್ಪೆಂದು ಕೂತು, "ಕಾಲ್ ಹಿಡ್ಕಂಡಿತ್ತ್" ಎಂದು ನರಳಿದ.

"ಎಲ್ಲಿ, ಕಾಂಬ," ಎಂದು ಕುಷ್ಟ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಬಾವಿಯ ಹಗ್ಗ ಎಳೆದ ಹಾಗೆ ಎಳೆದು ತಿರುಚಿದ. ಲಟಕ್ಕೆಂದಿತು. ಆಮೇಲಿನ ನರಳಾಟ ಸುಳ್ಳಾಗಿರಲಿಲ್ಲ.

ರಸ್ತೆಯಲ್ಲಿ ನಾಲ್ಕರ ಬಸ್ಸಿನ ಹಾರನ್ ಕೇಳಿ, ಅದರ ಶಬ್ದ ಕುಂದಾಪುರದ ದಿಕ್ಕಿಗೆ ಕರಗಿದ ಮೇಲೆ, ಉಮಾನಾಥ ಕೋಲೂರಿ ಎದ್ದ. ಮೂರು ದಿನದಲ್ಲಿ ಮೊದಲ ಸಲ ನಕ್ಕ. ಕುಂಟುತ್ತ ಶಾಲೆಗೇ ಹೋದ. ಹೆಡ್‌ಮಾಸ್ಟರು ಜಗಲಿಯಲ್ಲಿದ್ದರು. ಅವನನ್ನು ಕಂಡರೂ ಅವರು ಕೇಳಿದ್ದು ಕುಷ್ಟನನ್ನು.

"ಎಲ್ಲ ಮನಿ ತೋರ್ಸಿದ್ಯನಾ?"

"ನಲ್ವತ್ತೊಂದರಲ್ಲ್ ಮೂವತ್ತೊಂಬತ್ತ್ ಆಯ್ತ್. ಎರಡ್ ಮನಿಯರ್ ಮದಿ ದಿಬ್ಬಣಕ್ಕೆ ಹೋಯಿದ್ರ್. ಮಾಸ್ಟ್ರ್ ಭಾರೀ ತಾಳ್ಮಿಯರ್ ಸಾರ್. ಎಲ್ಲರ ಕತಿ ಕೂಕಂಡ್ ಕೇಂಡ್ರ್."

ಉಮಾನಾಥ ಇಬ್ಬರ ಮುಖವನ್ನೂ ನೋಡಿದ.

"ಕುಷ್ಟ ಗುಡ್ಡೆ ಗ್ರಾಮದ ಉಗ್ರಾಣಿ ಮಾಸ್ಟ್ರೇ," ಎಂದರು ಚಂದಯ್ಯ ಶೆಟ್ರು. "ಪಟೇಲರ ಕೆಲ್ಸಕ್ಕೆ ಮನಿ ಮನಿ ತಿರ್ಗುವವ. ಗಣತಿಗೆ ದಾರಿ ತೋರ್ಸುಕೂ ಅವನೇ."

"ಪಟ್ಟಿ ಹೋಯ್ತಲ್ದಾ ಸಾರ್?" ಉಮಾನಾಥನ ಸ್ವರ ಸಣ್ಣದಾಯಿತು.

"ಹೋಯ್ತ್. ನಿಮ್ಮ ಹೆಸ್ರೂ ಹೋಯ್ತ್. ಗುಡ್ಡೆ ಬ್ಲಾಕ್ ನಿಮ್ಗೆ."

"ನಾನ್ ಸಹಿ ಹಾಕ್ಲಿಲ್ಲೆ!"

"ಸಹಿ ಊರಿನ ಬ್ಲಾಕಿನವರಿಗೆ. ಗುಡ್ಡೆಗೆ ಸಹಿ ಹಾಕುವವ್ರ್ ಯಾರಿದ್ರ್? ದಾರಿ ಗೊತ್ತಿದ್ದವರ ಹೆಸ್ರ್ ಬರ್ದ್ ಕಳ್ಸಿ ಸಾಕ್ ಅಂತ ಮೇಲಿಂದ್ಲೇ ಹೇಳಿದ್ರ್. ಮೂರ್ ತಿಂಗ್ಳಿಂದ ಜನ ಹುಡುಕ್ತಾ ಇದ್ದೆ. ದೇವ್ರೇ ನಿಮ್ಮ ಬಾಯಲ್ಲ್ ಹೇಳ್ಸಿದ್ ಕಾಣಿ! ಈಗ ಹರಕಿಯೂ ತೀರ್ತ್, ಯಾವ ಮನಿ ಮೆಟ್ಟುಕೂ ಅಡ್ಡಿಲ್ಲೆ."

ಉಮಾನಾಥ ಮೆಲ್ಲಗೆ ಬೆಂಚಿನ ಮೇಲೆ ಕುಳಿತ. "ಮೊದ್ಲು ನನ್ನ ಹೆಸ್ರ್ ಯಾವ ಬ್ಲಾಕಲ್ಲ್ ಇತ್ತ್ ಸಾರ್?"

"ಯಾವುದ್ರಲ್ಲೂ ಇರ್ಲಿಲ್ಲೆ ಮಾರ್ರೆ!" ಹೆಡ್‌ಮಾಸ್ಟರು ನಕ್ಕರು. "ನಿಮ್ಗೆ ಮಾತ್ ಹಿಡ್ಸೂದಿಲ್ಲೆ ಅಂತ ನಂಗೆ ಗೊತ್ತಿಲ್ದಾ? ಎಲ್ಲರೂ ಗಣತಿಗೆ ಹೋರೆ ಮಧ್ಯಾಹ್ನದ ಮೇಲೆ ಖಾಲಿ ಶಾಲೆಯಲ್ಲ್ ಸುಮ್ನೆ ಕೂಕಂಬುಕೆ ಒಬ್ಬ ಬೇಕಿತ್ತ್. ಅದನ್ನ ನಿಮ್ಗೇ ಅಂತ ಇಟ್ಟಿದ್ದೆ. ಈಗ ಲೀಲಾಧರ ಮಾಸ್ಟ್ರಿಗೆ ಕೊಟ್ಟೆ. ಅವರಿಗೆ ಬೇಜಾರಂಬ್ರ್, ಮಾತಾಡುಕೆ ಯಾರೂ ಇಪ್ಪೂದಿಲ್ಲೆ ಅಂತ."

ಮಕ್ಕಳು ಹೋಗಿಯಾಗಿತ್ತು. ತೆರೆದ ಬಾಗಿಲಿನಾಚೆ ತರಗತಿಯ ಬೆಂಚುಗಳ ಮೇಲೆ ಇಳಿಬಿಸಿಲು ಬಿದ್ದಿತ್ತು. ಒಂದು ಸದ್ದೂ ಇರಲಿಲ್ಲ. ಉಮಾನಾಥ ಅದನ್ನೇ ನೋಡುತ್ತ ಕೂತ.

ಕುಷ್ಟ ಅಂಗಳದ ಮೂಲೆಗೆ ಹೋಗಿ ಎಲೆಅಡಿಕೆ ಉಗುಳಿ, ಬಾಯಿ ಒರೆಸಿಕೊಂಡು ಬಂದ.

"ಮಾಸ್ಟ್ರೇ, ಮದಿಗೆ ಹೋದವ್ರ್ ಇವತ್ತ್ ಬತ್ರ್. ಉಳ್ದ ಎರಡ್ ಮನಿ ನಾಳೆ ಹೋಪನಾ?"