ತುರ್ಲಿಬೆಕನ ಕಪ್ಪು ಚಕ್ರಗಳು

ತುರ್ಲಿಬೆಕನ ಗುಟ್ಟನ್ನು ಅವನ ಕಾರಿನ ಚಕ್ರಗಳೇ ಬಯಲು ಮಾಡುತ್ತಿದ್ದವು.

ಅಲ್ಮಾಟಿ ನಗರದ ಬೆಟ್ಟದ ಮೇಲಿನ ಶಾಲೆಯಲ್ಲಿ ಅವನು ಭೂಗೋಳದ ಮೇಷ್ಟರು. ಶಾಲೆ ಬಿಟ್ಟ ಮೇಲೆ ತನ್ನ ಬೆಳ್ಳಿ ಬಣ್ಣದ ಎರಡು ಬಾಗಿಲಿನ ಕಾರಿನಲ್ಲಿ ಅಂಕುಡೊಂಕಿನ ಇಳಿಜಾರು ಇಳಿಯತೊಡಗಿದರೆ ಮೇಷ್ಟರು ಮಾಯವಾಗಿ ಒಳಗಿನ ಪುಂಡ ಎದ್ದು ಕೂರುತ್ತಿದ್ದ. ತಿರುವಿನವರೆಗೆ ಬಾಣದ ಹಾಗೆ ಓಟ, ತಿರುವಿನಲ್ಲಿ ಕಾಲೂರಿ ಬ್ರೇಕು, ಮತ್ತೆ ಓಟ. ಮನೆಯ ಅಂಗಳಕ್ಕೆ ಮಾತ್ರ ಮದುಮಗಳನ್ನು ಕರೆತಂದವನ ಗಾಂಭೀರ್ಯದಲ್ಲಿ ಬಂದು ನಿಲ್ಲುತ್ತಿದ್ದ. ಏನು ಮಾಡಿದರೇನು? ಬ್ರೇಕ್ ಪ್ಯಾಡುಗಳಿಂದ ಉದುರಿದ ಪುಡಿ ಮುಂದಿನ ಎರಡೂ ಚಕ್ರಗಳಿಗೆ ಒಲೆಯ ಬಾಯಿಗೆ ಹಿಡಿದಂತೆ ಮಸಿ ಹಿಡಿಸಿರುತ್ತಿತ್ತು.

ಹೆಂಡತಿ ಗೌಹಾರ್ ಹಲ್ಲಿನ ಡಾಕ್ಟರು. ಮಕ್ಕಳ ಹಲ್ಲು ನೋಡಿ ಯಾರು ಕದ್ದು ಮಿಠಾಯಿ ತಿಂದರೆಂದು ಹೇಳುವವಳಿಗೆ ಚಕ್ರ ನೋಡಿ ಗಂಡನ ವೇಗ ಹೇಳುವುದು ಕಷ್ಟವಾಗಲಿಲ್ಲ. ಆ ಶನಿವಾರ ಬೆಳಗ್ಗೆ ಹತ್ತಿಯ ಉಂಡೆಯಿಂದ ಚಕ್ರ ಒರೆಸಿ ಅವನ ಮೂಗಿನ ಮುಂದೆ ಹಿಡಿದಳು.

"ನಿಧಾನಕ್ಕೆ ಓಡಿಸ್ತೀನಿ ಅಂತ ಮಾತು ಕೊಟ್ಟಿದ್ದೆ ತಾನೆ? ಇದೇನು, ಕಾಡಿಗೆನಾ?"

"ರಸ್ತೆ ಧೂಳು ಕಣೇ."

"ರಸ್ತೆ ಹಿಂದಿನ ಚಕ್ರಕ್ಕೆ ಇಲ್ವಾ? ನೋಡು, ಇವತ್ತು ಚಕ್ರ ತೊಳೆದು ಬೆಟ್ಟದ ಮೇಲೆ ನಮ್ಮಕ್ಕನ ಮನೆಗೆ ಹೋಗಿ ಸೇಬು ತಗೊಂಡು ಬಾ. ಸಂಜೆ ನಮ್ಮಣ್ಣ ಬರ್ತಾನೆ. ಚಕ್ರ ಮತ್ತೆ ಕಪ್ಪಾಗಿದ್ರೆ ಕೀಲಿ ಅವನಿಗೆ, ಅವನ ವ್ಯಾನು ನಮಗೆ."

ಭಾವಮೈದುನನ ಆ ವ್ಯಾನು ತುರ್ಲಿಬೆಕನ ಕಣ್ಣ ಮುಂದೆ ಬಂತು. ಏರುಹಾದಿಯಲ್ಲಿ ಕೆಮ್ಮುವ, ಬಾಗಿಲಿಗೆ ಹಗ್ಗ ಕಟ್ಟಿದ ವ್ಯಾನು ಅದು. ಬದುಕಿನಲ್ಲಿ ಎರಡೇ ದಾರಿ ಉಳಿದಿದ್ದವು: ನಿಧಾನಕ್ಕೆ ಓಡಿಸುವುದು, ಇಲ್ಲವೇ ಪುಡಿ ಉದುರಿಸದ ಪ್ಯಾಡು ಹಾಕಿಸುವುದು. ಮೊದಲನೆಯದನ್ನು ಅವನು ಯೋಚಿಸಲೂ ಇಲ್ಲ.

ಮೊದಲು ಬಜಾರಿಗೆ ಹೋಗೋಣವೆಂದು ಕಾರು ಹೊರಡಿಸಬೇಕು, ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದು ಕುಸಾಯಿನ್ ಆಗಾ ಒಳಗೆ ಕೂತರು. ಮೇಲಿನ ವಿದ್ಯುತ್ ತಂತಿಗೆ ತಗುಲಿಕೊಂಡು ಓಡುವ ಟ್ರಾಲಿಬಸ್ಸಿನ ಚಾಲಕರಾಗಿ ನಿವೃತ್ತರಾದ ನೆರೆಮನೆಯ ಹಿರಿಯರು; ಆಗಾ ಎಂಬುದು ಹಿರಿಯರಿಗೆ ಕೊಡುವ ಮರ್ಯಾದೆ. ದಿನವಿಡೀ ಅಂಗಳದ ಬೆಂಚಿನ ಮೇಲೆ ಕೂತು, ಕಂಡದ್ದನ್ನೆಲ್ಲ ಗೌಹಾರಳಿಗೆ ಒಪ್ಪಿಸುವುದೇ ಅವರ ಈಗಿನ ನೌಕರಿ.

"ಬಜಾರಿನ ದಾರೀಲಿ ತಾನೆ ಹೋಗೋದು? ನನಗೂ ಕುಮಿಸ್ ತಗೋಬೇಕು. ನಡಿ ತಮ್ಮಾ."

ಇಳಿಯಿರಿ ಎನ್ನಲಾಗದೆ ಅವನು ಕಾರು ಹೊರಡಿಸಿದ.

ಬಿಡಿಭಾಗಗಳ ಬಜಾರಿನಲ್ಲಿ ಯೂನುಸ್ಜಾನ್ ಎಂಬವನ ಅಂಗಡಿ. ಕುಮಿಸ್, ಅಂದರೆ ಹುಳಿಯಾಗಿ ತುಸು ಅಮಲೇರಿದ ಕುದುರೆ ಹಾಲಿನ ದೊಡ್ಡ ಬಾಟಲಿಯನ್ನು ಮಗುವಿನಂತೆ ಅವಚಿಕೊಂಡು ಆಗಾ ಅಲ್ಲಿಗೂ ಬಂದರು.

ಯೂನುಸ್ಜಾನ್ ಪ್ಯಾಡುಗಳನ್ನು ಕೌಂಟರಿನ ಮೇಲೆ ಹರವಿದ. "ಇದು ಲೋಹ ಬೆರೆಸಿದ್ದು. ತೋಳದ ಹಾಗೆ ಕಚ್ಚುತ್ತೆ, ಆದ್ರೆ ಮಸಿ ಕಾರುತ್ತೆ. ಇದು ಅಗ್ಗದ್ದು, ಅಜ್ಜಿಯರ ಕಾರಿಗೆ ಸಾಕು. ಇದು ಸೆರಾಮಿಕ್. ಪುಡಿ ಕಡಿಮೆ, ಇದ್ರೂ ತೆಳು ಬೂದಿ ಬಣ್ಣ, ಕಾಣೋದಿಲ್ಲ. ಬೆಳಗಿನ ಚಳೀಲಿ ಮೊದಮೊದಲು ಸ್ವಲ್ಪ ನಿದ್ದೆಗಣ್ಣು, ಹಿಡಿಯೋದು ತಡ, ಅಷ್ಟೆ. ನೀವು ಹೆಂಗೆ ಓಡಿಸ್ತೀರಿ ಹೇಳಿ, ಅದರ ಮೇಲೆ ಕೊಡ್ತೀನಿ."

ಆಗಾ ಕಿವಿ ಇತ್ತ ಮಾಡಿದರು.

"ಮೆಲ್ಲಗೆ," ಎಂದ ತುರ್ಲಿಬೆಕ್. "ತುಂಬಾ ಮೆಲ್ಲಗೆ."

"ಹಂಗಾದ್ರೆ ಅಜ್ಜಿಯರದ್ದೇ ತಗೊಳ್ಳಿ."

"ಬೇಡ. ಅಂದ್ರೆ, ನಾನು ಮೆಲ್ಲಗೇ ಹೋಗೋದು. ಆದ್ರೆ ಕೆಲವು ಸಲ ಇಳಿಜಾರೇ ಜೋರಾಗಿ ಹೋಗುತ್ತೆ."

ಯೂನುಸ್ಜಾನ್ ಅವನನ್ನು ನೋಡಿದ, ಕಾರನ್ನು ನೋಡಿದ, ಚಕ್ರ ನೋಡಿದ. ಸೆರಾಮಿಕ್ ಪೆಟ್ಟಿಗೆಯನ್ನು ಮುಂದೆ ತಳ್ಳಿದ.

"ಪುಡಿ ಉದುರಿಸದ ಪ್ಯಾಡು ಯಾವ ಸೀಮೆ ಪ್ಯಾಡು?" ಎಂದು ಆಗಾ ಗೊಣಗಿದರು. "ಬೆವರದೆ ದುಡಿಯೋ ಕೂಲಿ ಇದ್ದ ಹಾಗೆ."

ಹಿಂಬದಿಯ ಗ್ಯಾರೇಜಿನಲ್ಲಿ ಪ್ಯಾಡು ಕೂರಿಸಿ, ಚಕ್ರ ತೊಳೆದು ಕೊಟ್ಟರು. ಹೊರಡುವಾಗ ಯೂನುಸ್ಜಾನ್ ಕಿಟಕಿಗೆ ಬಗ್ಗಿ, "ಮೊದಲು ಖಾಲಿ ರಸ್ತೇಲಿ ವೇಗ ಹಿಡಿದು ಬ್ರೇಕ್ ಒತ್ತಿ, ಮತ್ತೆ ವೇಗ, ಮತ್ತೆ ಬ್ರೇಕು. ಹತ್ತಾರು ಸಲ ಹಂಗೆ ಮಾಡಿದ್ರೇನೇ ಪ್ಯಾಡು ಡಿಸ್ಕಿಗೆ ಹೊಂದ್ಕೊಳ್ಳೋದು" ಎಂದ.

ಪಕ್ಕದಲ್ಲಿ ಗೌಹಾರಳ ಗೂಢಚಾರ ಕೂತಿದ್ದಾರೆ. ಆದರೆ ಹೊಂದಿಸದ ಪ್ಯಾಡಿನಲ್ಲಿ ಬೆಟ್ಟ ಇಳಿಯುವ ಹಾಗಿಲ್ಲ. ಗೋದಾಮುಗಳ ಹಿಂದಿನ ನಿರ್ಜನ ರಸ್ತೆಗೆ ಕಾರು ತಿರುಗಿಸಿ, "ಆಗಾ, ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದ.

ಕಾರು ಜಿಗಿಯಿತು. ಬ್ರೇಕ್ ಒತ್ತಿದ. ಮೊದಲೇ ಗಾಳಿ ತುಂಬಿ ಬುಸುಗುಟ್ಟುತ್ತಿದ್ದ ಬಾಟಲಿಯ ಮುಚ್ಚಳ ಹಾರಿ ಛಾವಣಿಗೆ ಬಡಿಯಿತು. ಕುಮಿಸ್ ಆಗಾ ಅವರ ಮೀಸೆ, ಕೋಟು, ಮಡಿಲು ಎಲ್ಲವನ್ನೂ ತೋಯಿಸಿ ಕಿಟಕಿ ಗಾಜಿನ ಮೇಲೆ ಇಳಿಯತೊಡಗಿತು.

ಮುಗಿಯಿತು ಕತೆ ಎಂದುಕೊಂಡ ತುರ್ಲಿಬೆಕ್.

ಆಗಾ ಮೀಸೆ ಒರೆಸಿಕೊಂಡರು. "ತಮ್ಮಾ, ಜೀವಮಾನ ಪೂರ್ತಿ ಟ್ರಾಲಿಬಸ್ ಓಡಿಸಿದೆ. ತಂತಿಗೆ ಕಟ್ಟಿದ ಮೇಕೆ ಥರ. ಒಂದು ದಿನಾನೂ ಹೀಗೆ ಹೋಗಲಿಲ್ಲ ನೋಡು." ಮುಚ್ಚಳ ಹುಡುಕಿ ಬಾಟಲಿಗೆ ಒತ್ತಿ ಹೇಳಿದರು, "ಇನ್ನೊಂದು ಸಲ ಮಾಡು."

ಇನ್ನೊಂದು ಸಲ, ಮತ್ತೊಂದು ಸಲ. ಆಗಾ ಮಗುವಿನ ಹಾಗೆ ಕೇಕೆ ಹಾಕುತ್ತಿದ್ದಾಗ ಎದುರಿಗೆ ಪೊಲೀಸಿನವನ ಕೋಲು ಅಡ್ಡ ಬಂತು. ಕಿಟಕಿ ಇಳಿಸಿದ್ದೇ ತಡ, ಹುಳಿ ವಾಸನೆ ಅವನ ಮುಖಕ್ಕೆ ರಾಚಿತು.

"ಓಡೋದು ನಿಲ್ಲೋದು, ಓಡೋದು ನಿಲ್ಲೋದು. ಎಷ್ಟು ಕುಡಿದಿದ್ದೀರಿ?"

"ನಾನು ಕುಡಿದಿಲ್ಲ. ಇವರ ಕೋಟು ಕುಡಿದಿದೆ," ಎಂದ ತುರ್ಲಿಬೆಕ್.

ಕೊಳವೆಗೆ ಊದಿಸಿದ್ದಾಯಿತು. ಏನೂ ತೋರಿಸಲಿಲ್ಲ. ಪ್ಯಾಡಿನ ಖಾಲಿ ಪೆಟ್ಟಿಗೆ ನೋಡಿ ಪೊಲೀಸಿನವನು ಮೆತ್ತಗಾದ. "ಸೆರಾಮಿಕ್ಕಾ? ನನ್ನ ಕಾರಿಂದೂ ಚಕ್ರ ಕಪ್ಪಾಗುತ್ತೆ. ಯಾವ ಅಂಗಡಿ?" ವಿಳಾಸ ಕೇಳಿಕೊಂಡು ಬಿಟ್ಟ. ತುರ್ಲಿಬೆಕನಿಗೆ ಹೋದ ಜೀವ ಬಂದಂತಾಯಿತು.

ಗೌಹಾರಳ ಅಕ್ಕನ ಮನೆಯಿಂದ ಸೇಬಿನ ಚೀಲ ಹಾಕಿಕೊಂಡು ಬೆಟ್ಟ ಇಳಿದರು. ಹೇಗೆ ಇಳಿದರು ಎಂಬುದು ಆ ಇಬ್ಬರಿಗೇ ಗೊತ್ತು.

ಸಂಜೆ ಅಂಗಳದಲ್ಲಿ ಗೌಹಾರ್ ಹತ್ತಿ ಹಿಡಿದು ಕುಕ್ಕರಗಾಲಲ್ಲಿ ಕೂತಳು. ಅವಳ ಅಣ್ಣ ಕೀಲಿಗಾಗಿ ಆಗಲೇ ಕೈ ಚಾಚಿಕೊಂಡು ನಿಂತಿದ್ದ. ಅವಳು ಚಕ್ರದ ಸಂದಿಗೊಂದಿಯೆಲ್ಲ ಒರೆಸಿ ಹತ್ತಿಯನ್ನು ಬೆಳಕಿಗೆ ಹಿಡಿದಳು. ಹೆಚ್ಚೆಂದರೆ ಹಲ್ಲಿನ ಪಾಚಿಯಷ್ಟು ಮಾಸಲು.

"ಆಗಾ, ನೀವೂ ಜೊತೇಲಿದ್ರಲ್ಲ. ನಿಜ ಹೇಳಿ, ಹೇಗೆ ಓಡಿಸಿದ?"

ಕುಸಾಯಿನ್ ಆಗಾ ಒದ್ದೆ ಕೋಟಿನ ಗುಂಡಿ ಹಾಕಿಕೊಂಡರು. "ನಿದ್ದೆ ಬಂದುಬಿಡ್ತಮ್ಮಾ."

ಗೌಹಾರಳ ಮುಖ ಅರಳಿತು. ಅಣ್ಣ ಒಂದು ಸೇಬು ಕಚ್ಚಿಕೊಂಡು ತನ್ನ ವ್ಯಾನಿನಲ್ಲೇ ಕೆಮ್ಮುತ್ತ ಹೋದ. ತುರ್ಲಿಬೆಕ್ ಮನೆಯೊಳಗೆ ಕಾಲು ಚಾಚಿ ಕೂತು ಬಟ್ಟಲ ಮೇಲೆ ಬಟ್ಟಲು ಚಹಾ ಕುಡಿದ. ತಿಂಗಳುಗಳಿಂದ ಹೊತ್ತಿದ್ದ ಭಾರ ಇಳಿದಿತ್ತು. ಇನ್ನು ಬೆಟ್ಟ ತನ್ನದು, ತಿರುವುಗಳು ತನ್ನವು.

ಪಕ್ಕದ ಕೋಣೆಯಲ್ಲಿ ಗೌಹಾರ್ ಫೋನಿನಲ್ಲಿ ಮಾತಾಡುತ್ತಿದ್ದಳು.

"ಹೌದಮ್ಮಾ, ನಾನೇ ಒರೆಸಿ ನೋಡಿದೆ. ಪೂರ್ತಿ ಬದಲಾಗಿದ್ದಾನೆ. ಇನ್ನು ನೀನು ಹೆದರೋ ಹಾಗಿಲ್ಲ."

ಫೋನಿಟ್ಟು ಬಂದು ಗಂಡನ ಭುಜದ ಮೇಲೆ ಪ್ರೀತಿಯಿಂದ ಕೈಯಿಟ್ಟಳು. "ಅಮ್ಮನ ಮಂಡಿ ನೋವಿಗೆ ನಿಮ್ಮ ಶಾಲೆ ಪಕ್ಕದ ಆಸ್ಪತ್ರೇಲಿ ದಿನಾ ಚಿಕಿತ್ಸೆ ಬರೆದಿದ್ದಾರೆ. ನಿನ್ನ ಕಾರಿಗೆ ಹೆದರಿ ಬೇಡ ಅಂತಿದ್ಲು. ಈಗ ಒಪ್ಪಿದಾಳೆ. ಸೋಮವಾರದಿಂದ ಬೆಳಗ್ಗೆ ಕರ್ಕೊಂಡು ಹೋಗು, ಸಂಜೆ ಕರ್ಕೊಂಡು ಬಾ. ಚಳಿಗಾಲ ಕಳೆಯೋವರೆಗೆ ಅಷ್ಟೆ."

ಸೋಮವಾರ ಸಂಜೆ ಬೆಟ್ಟದ ರಸ್ತೆಯಲ್ಲಿ ಬೆಳ್ಳಿ ಬಣ್ಣದ ಕಾರೊಂದು ತೆವಳುತ್ತಿತ್ತು. ಮುಂದಿನ ಸೀಟಿನಲ್ಲಿ ಅತ್ತೆ ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟುಕೊಂಡು, "ಇನ್ನೂ ನಿಧಾನ, ಮಗನೇ," ಎನ್ನುತ್ತಿದ್ದರು. ಹಾಲಿನ ಗಾಡಿ ಅವರನ್ನು ಹಿಂದೆ ಹಾಕಿ ಹೋಯಿತು. ಸೈಕಲ್ಲಿನವನೊಬ್ಬ ಹಿಂದೆ ಹಾಕಿ, ಕನಿಕರದಿಂದ ಒಮ್ಮೆ ತಿರುಗಿಯೂ ನೋಡಿದ.

ಕಾರು ಉಳಿಯಿತಲ್ಲ ಎಂದು ತುರ್ಲಿಬೆಕ್ ನಿಟ್ಟುಸಿರು ಬಿಟ್ಟ. ಚಕ್ರಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಈ ವೇಗಕ್ಕೆ ಹಳೆಯ ಪ್ಯಾಡುಗಳೂ ಒಂದು ಚಿಟಿಕೆ ಪುಡಿ ಉದುರಿಸುತ್ತಿರಲಿಲ್ಲ.