ಸೆರಗಿನ ಮೈಕು

ಪ್ರಸಿದ್ಧರನ್ನು ಹತ್ತಿರದಿಂದ ಕಂಡವರೆಲ್ಲ ಅವರ ಮುಖದ ಕಳೆಯನ್ನು ಬಣ್ಣಿಸುತ್ತಾರೆ. ನಾನು ಬಣ್ಣಿಸಹೊರಟರೆ ಕಾಲರಿನ ಗುಂಡಿಗಳ ವರ್ಣನೆಯಾಗುತ್ತದೆ. ಟಿವಿ ಚಿತ್ರೀಕರಣದಲ್ಲಿ ನನ್ನದು ಸೌಂಡಿನ ಕೆಲಸ. ಮಂತ್ರಿಯಿರಲಿ, ಗಾಯಕನಿರಲಿ, ಬಂದವರ ಬಟ್ಟೆಗೊಂದು ಪುಟ್ಟ ಮೈಕು ಸಿಕ್ಕಿಸಿ, ದೂರ ಹೋಗಿ ಹೆಡ್‌ಫೋನ್ ಹಾಕಿಕೊಂಡು ನಿಲ್ಲುವುದು. ಮುಂಬೈ ತಂಡದವರು ನಾಸಿಕಿನಲ್ಲಿ ಅಗ್ಗದ ಸೌಂಡಿನವನನ್ನು ಹುಡುಕಿದರೆ ನಾನು ಸಿಗುತ್ತಿದ್ದೆ. ಈ ಕೆಲಸಕ್ಕೊಂದು ಮರ್ಯಾದೆಯುಂಟು. ಕ್ಯಾಮೆರಾ ನಿಂತ ಮೇಲೆ ಅವರಾಡುವ ಖಾಸಗಿ ಮಾತು ಕಿವಿಗೆ ಬಿದ್ದರೂ ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕು.

ನನ್ನ ಅವ್ವನದು ಬೇರೆಯೇ ಕಷ್ಟ. ನಾಸಿಕಿನ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯ ನೌಕರಿಗೆಂದು ಅಪ್ಪ ಗದುಗಿನಿಂದ ಬಂದಾಗ ಜೊತೆಗೆ ಬಂದವಳು. ಅಪ್ಪ ತೀರಿಹೋದರು, ಕನ್ನಡದ ಗೆಳತಿಯರು ಗಂಡಂದಿರ ನಿವೃತ್ತಿಯಾದಂತೆ ಒಬ್ಬೊಬ್ಬರೇ ಊರಿಗೆ ಮರಳಿದರು. ನನ್ನ ಮಕ್ಕಳಿಗೆ ಅವಳ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ. ಹೀಗಾಗಿ ಅವ್ವ ಸಂಜೆಯಿಡೀ ಅರೆಬರೆ ಅರ್ಥವಾಗುವ ಮರಾಠಿ ಧಾರಾವಾಹಿಗಳ ಮುಂದೆ ಕೂತಿರುತ್ತಿದ್ದಳು. ಅವುಗಳಲ್ಲೊಬ್ಬ ನಟಿಯೆಂದರೆ ಅವಳಿಗೆ ಪ್ರಾಣ. ಆಕೆ ಬಾಗಿಲಲ್ಲಿ ನಿಲ್ಲುವ ರೀತಿ ನೋಡಿದರೇ ನಮ್ಮ ಕಡೆಯವಳೆಂದು ತಿಳಿಯುತ್ತದೆ ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು.

ಗುಂಡಿ ಒತ್ತುವ ಮೊಬೈಲುಗಳ ಆ ಕಾಲದಲ್ಲಿ ಅದೇ ನಟಿಯ ಅಡುಗೆ ಕಾರ್ಯಕ್ರಮಕ್ಕೆ ನನಗೆ ಕರೆ ಬಂತು. ಊರೂರಿಗೆ ಹೋಗಿ ಗೃಹಿಣಿಯರ ಕೈರುಚಿ ನೋಡುವ ಕಾರ್ಯಕ್ರಮ. ಮೊದಲು ಸಂಭಾಜಿನಗರ (ಆಗಿನ್ನೂ ಔರಂಗಾಬಾದ್), ಆಮೇಲೆ ಯೇವಲಾ, ಕೊನೆಗೆ ನಾಸಿಕ್. ಮೊದಲ ದಿನ ಕ್ಯಾಮೆರಾದ ಮುಂದೆ ರವೆಯ ಶಿರಾ ತಿಂದು ‘ಕಿತೀ ಛಾನ್’, ಎಷ್ಟು ಚೆಂದ, ಎಂದು ಕಣ್ಣರಳಿಸಿದ ನಟಿ, ಬಿಡುವು ಸಿಕ್ಕೊಡನೆ ಮೂಲೆಗೆ ಹೋಗಿ ಫೋನು ಹಚ್ಚಿದರು. ಸೆರಗಿನ ಮೈಕು ಇನ್ನೂ ತೆಗೆದಿರಲಿಲ್ಲ, ಅದರ ಶಬ್ದ ಇಳಿಸಲು ಕೈ ಚಾಚಿದೆ. ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಕೇಳಿತು: “ಅವ್ವಾ, ಉಂಡ್ಯೇನ?”

ನನ್ನ ಕೈ ಅಲ್ಲೇ ನಿಂತಿತು. ಆ ಶಿರಾ ಗೋಡೆಗೆ ಗಿಲಾವು ಮಾಡಲು ಒಳ್ಳೆಯದೆಂದು ಆಕೆ ತಮ್ಮ ತಾಯಿಗೆ ಹೇಳಿದರು. ಮೈಕು ಹಚ್ಚುವವನೊಬ್ಬನಿದ್ದಾನೆ, ಬಡಪಾಯಿ, ಕಲ್ಲಿನಂತೆ ನಿಂತಿರುತ್ತಾನೆ, ಅವನಿಗೇನೂ ತಿಳಿಯುವುದಿಲ್ಲ ಎಂದೂ ಹೇಳಿದರು. ಕಲ್ಲಿನಂತೆಯೇ ನಿಂತು ಕೇಳಿದೆ. ಈಗ ಕನ್ನಡದಲ್ಲಿ ಬಾಯಿ ಬಿಟ್ಟೆನೋ, ಎಲ್ಲ ಕೇಳಿಸಿಕೊಂಡದ್ದು ಬಯಲಾಗುತ್ತದೆ. ಮುಂದೆ ಯಾವ ತಂಡದವರೂ ನನ್ನನ್ನು ಕರೆಯುವುದಿಲ್ಲ. ಯೇವಲಾದಲ್ಲೂ ಮೂಕನಾಗಿಯೇ ದಿನ ಕಳೆದೆ.

ಆದರೆ ಮನೆಗೆ ಬಂದವನು ಅವ್ವನ ಮುಂದೆ ತಡೆಯಲಾರದೆ ಉಸುರಿಬಿಟ್ಟೆ. ಅವಳು ಹಿಗ್ಗಿದಳು, ಮನೆಗೆ ಕರೆದುಕೊಂಡು ಬಾ ಎಂದು ಹಟ ಹಿಡಿದಳು. ಆಗುವುದಿಲ್ಲವೆಂದೆ. ಮರುದಿನ ನಾಸಿಕಿನ ಚಿತ್ರೀಕರಣ ನಮ್ಮ ಹಿಂದಿನ ಗಲ್ಲಿಯಲ್ಲೇ ಇತ್ತು. ಬಿಡುವಿನಲ್ಲಿ ನೋಡುತ್ತೇನೆ, ಹೆಂಗಸರ ಗುಂಪನ್ನು ಸೀಳಿಕೊಂಡು ಗೋಧಿ-ಬೆಲ್ಲದ ಮಾದಲಿಯ ಡಬ್ಬಿ ಹಿಡಿದ ಅವ್ವ ಸೀದಾ ನಟಿಯ ಮುಂದೆ ನಿಂತಿದ್ದಾಳೆ!

“ಯಾ ಊರವಾ ನಿಮ್ಮದು? ನೀವು ಕನ್ನಡದವ್ರು ಅಂತ ನನ್ನ ಮಗಾ ಹೇಳಿದ,” ಎಂದು ನನ್ನತ್ತ ಬೆರಳು ತೋರಿಸಿದಳು.

ನಟಿ ನಿಧಾನವಾಗಿ ನನ್ನ ಕಡೆ ತಿರುಗಿದರು. “ಅಂದ್ರ ಶಿರಾದ ಮಾತೂ ಕೇಳೀರೇನ್ರಿ?”

“ಇಲ್ರಿ, ನಾ ಬರೇ ಸೌಂಡಿನ ಲೆವೆಲ್ ನೋಡ್ತಿದ್ನಿರಿ,” ಎಂದೆ. ಅದೂ ಅಚ್ಚ ಗದುಗಿನ ಕನ್ನಡದಲ್ಲಿ ಬಂತು. ಆಕೆ ಸೊಂಟ ಹಿಡಿದುಕೊಂಡು ನಕ್ಕರು. ನನ್ನ ಹೋದ ಜೀವ ಬಂತು.

ಆಮೇಲೆ ಅವರಿಬ್ಬರೂ ಅಂಗಳದ ಕಟ್ಟೆಯ ಮೇಲೆ ಕೂತು ಮಾದಲಿ ತಿನ್ನತೊಡಗಿದರು. ಮೈಕು ನಟಿಯ ಸೆರಗಿನಲ್ಲೇ ಇತ್ತು, ಹೆಡ್‌ಫೋನು ನನ್ನ ತಲೆಯ ಮೇಲೆ. ಅವ್ವನ ದನಿ ಅಷ್ಟು ಹತ್ತಿರದಿಂದ ಕೇಳಿ ಎಷ್ಟೋ ವರ್ಷವಾಗಿತ್ತು. “ಮನ್ಯಾಗ ಮಾತಿಗೆ ಯಾರೂ ಇಲ್ಲವಾ. ಇವಾ ದಿನಾ ಊರ ಮಂದಿ ಮಾತೆಲ್ಲಾ ಕೇಳಿ ಬರ್ತಾನ. ನಾ ಬಾಯಿ ತಗದ್ರ ಕಿವಿ ನೋಯಾಕತ್ತಾವ ಅಂತಾನ.” ದೂರಿನ ದನಿಯಲ್ಲ ಅದು, ನಗುನಗುತ್ತಲೇ ಹೇಳಿದ್ದಳು.

ಸಂಜೆ ಊಟಕ್ಕೆ ಕೂತಾಗ ಅವ್ವ ಆ ನಟಿಯ ಸುದ್ದಿ ತೆಗೆದಳು, ಅಲ್ಲಿಂದ ಗದುಗಿಗೆ ಹೋದಳು, ಗದುಗಿನಿಂದ ತನ್ನ ತವರಿಗೆ ಹೋದಳು. ನನ್ನ ಕಿವಿ ಅಂದು ನಿಜವಾಗಿಯೂ ನೋಯುತ್ತಿತ್ತು. ಹೇಳುವ ಧೈರ್ಯವಾಗದೆ, ಎಂಜಲು ಕೈ ಒಣಗುವವರೆಗೂ ಹ್ಞೂಂಗುಟ್ಟುತ್ತ ಕೂತಿದ್ದೆ.